ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟ ವರ್ಷ

ಮೊನ್ನೆ ತಿಪಟೂರಿನಿಂದ ತುರುವೇಕೆರೆಗೆ ಹೋಗುವ ಬಸ್ಸಿನಲ್ಲಿ ಯಾರೋ ಯಜಮಾನರು ಒಂದು ಚೀಲ ಉಂಡೆ ಕೊಬ್ಬರಿಯನ್ನು ನನ್ನ ಕಾಲ ಬುಡದಲ್ಲಿ ಇಳಿಸಿ, "ಸ್ವಲ್ಪ ನೋಡ್ಕತಿರಿ ಮೇಡಮ್" ಅಂದು ಹಿಂದಿನ ಸೀಟಿಗೆ ಹೋಗಿ ನಿದ್ದೆಹೋದರು. ಅವರಿಗೇನು, ನಿದ್ದೆ. ಚೀಲದ ಬಾಯಿ ಸಡಿಲವಾಗಿದೆ, ಬಸ್ಸು ಕುಲುಕಿದಾಗ ಒಂದು ಉಂಡೆ ಉರುಳಿ ಹೋದರೆ ಯಾರನ್ನು ಕೇಳುತ್ತಾರೆ, ನನ್ನನ್ನೇ ತಾನೆ ಎಂದು ದಾರಿಯುದ್ದಕ್ಕೂ ಎರಡೂ ಕಾಲುಗಳಿಂದ ಆ ಚೀಲವನ್ನು ಅಮುಕಿ ಹಿಡಿದು ಕೂತೆ. ಚಿಂತೆ ಮಾಡುವುದಕ್ಕೆ ನನಗೆ ದೊಡ್ಡ ಕಾರಣ ಯಾವತ್ತೂ ಬೇಕಾಗಿಲ್ಲ. ಆದರೆ ಆ ವಾಸನೆ ಇದೆಯಲ್ಲ, ಎಣ್ಣೆಯ ಜಿಡ್ಡು, ನಾರಿನ ಧೂಳು, ಅಟ್ಟದ ಕತ್ತಲೆ ಎಲ್ಲ ಸೇರಿದ್ದು, ಅದು ಮೂಗಿಗೆ ಬಡಿದದ್ದೇ ಆ ವರ್ಷ ಪೂರ್ತಿ ಎದುರಿಗೆ ಬಂದು ಕೂತಿತು.

ನಲವತ್ತು ದಾಟಿದ ಮೇಲೆ ನಾನು ಇಂಗ್ಲೆಂಡಿಗೆ ಓದಲು ಹೋದ ವರ್ಷ ಅದು. ತಿಪಟೂರಿನ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡಿಕೊಂಡು, ಬಾಡಿಗೆ ಮನೆಯಲ್ಲಿ ಒಬ್ಬಳೇ ಅನ್ನ ಬೇಯಿಸಿಕೊಂಡು ಇದ್ದವಳು, ಹೇಗೂ ಸಿಗುವುದಿಲ್ಲ ಎಂಬ ಧೈರ್ಯದಿಂದ ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೆ. ಸಿಕ್ಕಿಬಿಟ್ಟಿತು. ಅಪರಾಧಶಾಸ್ತ್ರದಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿ. ಬಿಳಿಗೆರೆ ಹತ್ತಿರದ ನಮ್ಮೂರಿಗೆ ಹೋಗಿ ಸುದ್ದಿ ಹೇಳಿದರೆ ಅಣ್ಣ ಕಾಫಿ ಲೋಟ ಕೆಳಗಿಟ್ಟ.

"ಅಪರಾಧ ಮಾಡೋಕೂ ಓದ್ಬೇಕೇನೆ? ನಮ್ಮೂರಲ್ಲಿ ಏನೂ ಓದ್ದೇನೇ ಮಾಡ್ತಾವ್ರಲ್ಲ."

ಅತ್ತಿಗೆ ಬಾಗಿಲಲ್ಲಿ ನಿಂತು, "ವಾಪಸ್ ಬಂದು ಸಬ್‌ಇನ್ಸ್‌ಪೆಕ್ಟ್ರು ಆಗ್ತೀಯೇನೆ? ಟೋಪಿ ನಿಂಗೆ ಒಪ್ಪಲ್ಲ ಕಣೆ, ಮುಖ ಸಣ್ಣದು" ಅಂದರು.

ಪೊಲೀಸಾಗುವ ಓದು ಅದಲ್ಲ ಎಂದು ವಿವರಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಆವತ್ತು ಹಟ್ಟಿಯ, ಅಂದರೆ ಮನೆಯ, ಮುಂದೆ ತೆಂಗಿನಕಾಯಿ ರಾಶಿ ಬಿದ್ದಿತ್ತು. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಬಲಿತ ಕಾಯಿಯನ್ನು ಸುಲಿಯದೆ ಮಟ್ಟೆಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮುಟ್ಟದೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ನಂಜಣ್ಣ ಕೆಳಗಿನಿಂದ ಕಾಯಿ ಎಸೆಯುತ್ತಿದ್ದ, ಮೇಲೆ ಅಣ್ಣ ಹಿಡಿದು ಜೋಡಿಸುತ್ತಿದ್ದ. ನಂಜಣ್ಣ ನಮ್ಮ ಹಟ್ಟಿಯ ದನ, ತೋಟ, ಕಾಯಿ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವನು. ನಾನು ಲಂಗ ಹಾಕುತ್ತಿದ್ದ ಕಾಲದಿಂದ ನನ್ನನ್ನು ಪುಟ್ಟವ್ವ ಎಂದೇ ಕರೆಯುವವನು.

"ಇವು ಇಳಿಯೋ ಹೊತ್ಗೆ ನೀವೂ ಬಂದಿರ್ತೀರ ಬುಡಿ ಪುಟ್ಟವ್ವ," ಅಂದ. "ಒಣಗ್ಬ್ಯಾಡಿ ಮಾತ್ರ."

ನಾನು ಒಣಗಿಯೇ ಒಣಗಿದೆ. ಉತ್ತರ ಇಂಗ್ಲೆಂಡಿನ ಆ ಊರಿನಲ್ಲಿ ಮಧ್ಯಾಹ್ನದ ಕಾಫಿಯ ಹೊತ್ತಿಗೆಲ್ಲ ಕತ್ತಲೆ. ಮಳೆ ಬರುತ್ತಿತ್ತೋ ಇಲ್ಲವೋ ಹೇಳಲಾಗದಂಥ ಒಂದು ಮಳೆ. ತರಗತಿಯಲ್ಲಿ ಎಲ್ಲರೂ ನನ್ನ ವಿದ್ಯಾರ್ಥಿಗಳ ವಯಸ್ಸಿನವರು. ಮೊದಲ ದಿನ ಒಬ್ಬ ಹುಡುಗಿ ನನ್ನನ್ನೇ ಮೇಷ್ಟ್ರು ಅಂದುಕೊಂಡು ಪಠ್ಯದ ಬಗ್ಗೆ ಪ್ರಶ್ನೆ ಕೇಳಿದಳು, ನಾನು ಅಭ್ಯಾಸಬಲದಿಂದ ಉತ್ತರ ಕೊಟ್ಟೆ, ತಪ್ಪು ಉತ್ತರ. ಪರದೇಶದ ವಿದ್ಯಾರ್ಥಿಗಳು ಓಡಿಹೋಗಿಲ್ಲ ಎಂದು ತೋರಿಸಲು ಆಗಾಗ ಕಚೇರಿಗೆ ಹೋಗಿ ಕಾರ್ಡು ಹಿಡಿದು ಹಾಜರಿ ಹಾಕಬೇಕಿತ್ತು. ಪೆರೋಲಿನ ಮೇಲೆ ಹೊರಬಂದ ಕೈದಿಗಳ ಅಧ್ಯಾಯ ಬಂದಾಗ ಉಳಿದವರು ಕಷ್ಟಪಟ್ಟರು, ನನಗೆ ಮಾತ್ರ ಸಲೀಸಾಗಿ ಅರ್ಥವಾಯಿತು. ರೂಮಿನ ಕಿಟಕಿ ಹಾಕಿದೆನೋ ಇಲ್ಲವೋ, ಒಲೆ ಆರಿಸಿದೆನೋ ಇಲ್ಲವೋ, ವೀಸಾದಲ್ಲಿ ನನ್ನ ಅಪ್ಪನ ಹೆಸರು ಸರಿ ಇದೆಯೋ ಇಲ್ಲವೋ ಎಂದು ಚಿಂತಿಸುತ್ತ ಚಳಿಗಾಲ ಕಳೆದೆ.

ಹೀಗಿರುವಾಗ ಒಂದು ದಿನ ನನ್ನ ಮಾರ್ಗದರ್ಶಕಿ ರೂತ್, ಪೊಲೀಸು ಕೋರ್ಟು ಇಲ್ಲದೆ ಊರಿನವರೇ ಕೂತು ಮುರಿದ ಸಂಬಂಧವನ್ನು ಕೂಡಿಸುವ ನ್ಯಾಯದ ಬಗ್ಗೆ ಪಾಠ ಮಾಡಿದರು. ನಾನು ಕೈ ಎತ್ತಿದೆ. ಯಾಕೆ ಎತ್ತಿದೆನೋ. ನಮ್ಮ ಕಡೆ ಕಾಯಿ ಕಳುವಾದರೆ ಠಾಣೆಗೆ ಹೋಗುವುದಿಲ್ಲ, ಅಮ್ಮನ ಗುಡಿಯ ಮುಂದೆ ಆಣೆ ಮಾಡಿಸುತ್ತಾರೆ ಎಂದು ಹೇಳಿದೆ. ಅನುಮಾನ ಇರುವವನು ತಲೆಮೇಲೆ ನೀರು ಸುರಿದುಕೊಂಡು ಒದ್ದೆ ಬಟ್ಟೆಯಲ್ಲಿ ಬಂದು, ಉರಿಯುವ ಕರ್ಪೂರವನ್ನು ಅಂಗೈಯಿಂದ ಬಡಿದು ಆರಿಸಿ, ನಾನು ಮುಟ್ಟಿಲ್ಲ ಎಂದರೆ ಮುಗಿಯಿತು. ಆಮೇಲೆ ಎಲ್ಲರೂ ಒಟ್ಟಿಗೆ ಊಟ, ಆ ಮಾತನ್ನು ಮತ್ತೆ ಯಾರೂ ಎತ್ತುವಂತಿಲ್ಲ. ರೂತ್ ಕಣ್ಣು ಹೊಳೆಯಿತು. ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ, ಬರೆದುಕೊಳ್ಳಿ ಎಂದು ಹೇಳದೆಯೇ ನನ್ನ ಮಾತನ್ನು ಒಬ್ಬರು ಬರೆದುಕೊಂಡದ್ದನ್ನು ಆವತ್ತೇ ನೋಡಿದ್ದು.

"ನೀನು ಪ್ರಬಂಧ ಬರೆಯಬೇಕಾದ್ದು ಇದರ ಮೇಲೆಯೇ," ಅಂದರು ರೂತ್.

ಆಣೆಗೆ ಯಾರನ್ನು ಕರೆಯುತ್ತಾರೆ ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ. ನಮ್ಮ ಮನೆಯವರನ್ನು ಯಾವತ್ತೂ ಯಾರೂ ಕರೆದಿರಲಿಲ್ಲವಲ್ಲ.

ಮುಂಗಾರು ಶುರುವಾಗುವ ಹೊತ್ತಿಗೆ ಊರಿಗೆ ಬಂದೆ. ಕೈಯಲ್ಲಿ ಮಾತು ಹಿಡಿದಿಡುವ ಸಣ್ಣ ಯಂತ್ರ, ತಲೆಯಲ್ಲಿ ವಿಶ್ವವಿದ್ಯಾಲಯದ ನಿಯಮಗಳು. ಯಾರ ಜೊತೆ ಮಾತಾಡುವ ಮೊದಲೂ ಅವರಿಗೆ ಒಂದು ಮಾತು ಕೊಡಬೇಕಿತ್ತು: ನೀವು ಏನು ಹೇಳಿದರೂ ಯಾರ ಹೆಸರನ್ನೂ ನಾನು ಹೊರಗೆ ಬಿಡುವುದಿಲ್ಲ, ಊರವರಿಗೂ ಇಲ್ಲ, ಪೊಲೀಸರಿಗೂ ಇಲ್ಲ, ನನ್ನ ಅಣ್ಣನಿಗೂ ಇಲ್ಲ. ಚಿಂತೆಯ ಸ್ವಭಾವದವಳಾದ್ದರಿಂದ ಇದನ್ನು ನಾನು ಒಂದು ಸಲ ಹೇಳಿ ಬಿಡಲಿಲ್ಲ. ಕೂರುವಾಗ ಹೇಳಿದೆ, ಏಳುವಾಗ ಹೇಳಿದೆ, ದಾರಿಯಲ್ಲಿ ಸಿಕ್ಕರೆ ಮತ್ತೆ ಹೇಳಿದೆ.

ನೊಣವಿನಕೆರೆಯವರೆಗೂ ಸುತ್ತಿದೆ. "ನಿಮ್ಮೂರಲ್ಲಿ ಕಳ್ಳತನ ಆಗಿದೆಯಾ?" ಎಂದು ಕೇಳುತ್ತ ಬರುವ ಹೆಂಗಸನ್ನು ಜನ ಹೇಗೆ ನೋಡಬೇಕೋ ಹಾಗೇ ನೋಡಿದರು. ಒಬ್ಬ ಅಜ್ಜಿ, "ಯಾಕವ್ವ, ನಿಂದೇನು ಕಳ್ದೋಯ್ತು?" ಅಂತ ಮಜ್ಜಿಗೆ ಕೊಟ್ಟು ಕಳಿಸಿತು.

ಸರಿಯಾಗಿ ಮಾತಾಡಿದವನು ನಂಜಣ್ಣ ಒಬ್ಬನೇ. ಒಂದು ಮಧ್ಯಾಹ್ನ ಪೂರ್ತಿ ನಮ್ಮ ಜಗಲಿಯ ಮೇಲೆ, ಯಂತ್ರವನ್ನು ಮಧ್ಯೆ ಇಟ್ಟುಕೊಂಡು ಕೂತೆವು. ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿ ಹೋಗುತ್ತಿದ್ದರು. ತಾನು ಚಿಕ್ಕವನಿದ್ದಾಗ ನೋಡಿದ ಒಂದು ಆಣೆಯ ಕತೆಯನ್ನು ಎಳೆಎಳೆಯಾಗಿ ಹೇಳಿದ. ಕೊನೆಗೆ ಅವನ ದನಿಯನ್ನೇ ಅವನಿಗೆ ಕೇಳಿಸಿದೆ.

"ಇದು ನಾನಾ? ಇಷ್ಟು ಕೀರ್ಲು ದನಿಯಾ ನಂದು? ದನಗಳು ಹೆಂಗ್ ತಡ್ಕಂಡವೆ ಪುಟ್ಟವ್ವ ಇಷ್ಟು ವರ್ಷ!"

ಬಹಳ ನಕ್ಕೆವು. ಅವನ ಮಗಳು ಪವಿತ್ರ ಆಗ ಬಸುರಿ. ಹಂದನಕೆರೆಗೆ ಕೊಟ್ಟಿದ್ದರು. ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಮೊದಲ ಬಸಿರು. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಇದ್ದವಳು ಅವಳೊಬ್ಬಳೇ. ಆಷಾಢ ಕಳೆದ ಮೇಲೆ ಬಾಣಂತನಕ್ಕೆ ಕರೆತರುತ್ತೇನೆ, ಗೋಡೆಗೆ ಸುಣ್ಣ ಹೊಡೆಸಬೇಕು, ಕತ್ತಲೆ ಮೂಲೆಗೆ ಒಂದು ಬಲ್ಬು ಹಾಕಿಸಬೇಕು ಎಂದೆಲ್ಲ ಹೇಳಿಕೊಂಡ. ಯಂತ್ರ ಅದನ್ನೂ ಹಿಡಿದುಕೊಂಡಿತು.

ಮುಂದಿನ ವಾರ ಅಟ್ಟದ ಕಾಯಿ ಇಳಿಸಿದರು. ಮುಂದಿನಿಂದ ನೋಡಿದರೆ ರಾಶಿ ಇದ್ದ ಹಾಗೇ ಇತ್ತು. ಹಿಂದಕ್ಕೆ ಹೋದ ಅಣ್ಣ ಅಲ್ಲಿಂದಲೇ, "ಇದೇನಲಾ ಇದು?" ಅಂದ. ದನದ ಕೊಟ್ಟಿಗೆಯ ಕಡೆ ಗೋಡೆ ಪಕ್ಕದಲ್ಲಿ ರಾಶಿ ಗುಂಡಿಯಾಗಿ ಕುಸಿದಿತ್ತು. ಹಿಂದಿನಿಂದ ಯಾರೋ ತೆಗೆದಿದ್ದರು. ಯಾವಾಗ? ಅಟ್ಟದ ಕಾಯಿಯನ್ನು ವರ್ಷವಿಡೀ ಯಾರೂ ಮುಟ್ಟುವುದಿಲ್ಲ, ನೋಡುವುದಿಲ್ಲ. ನಿನ್ನೆಯೂ ಆಗಿರಬಹುದು, ನಾನು ಇಂಗ್ಲೆಂಡಿನಲ್ಲಿ ಕೈ ಎತ್ತಿದ ದಿನವೂ ಆಗಿರಬಹುದು. ಆ ವರ್ಷ ಹಟ್ಟಿಗೆ ಬಂದುಹೋದವರೆಲ್ಲ ಕಳ್ಳರಾಗಬಹುದು. ಆದರೆ ಕೊಟ್ಟಿಗೆಯ ಕಡೆಯಿಂದ ದಿನವೂ ಓಡಾಡುತ್ತಿದ್ದವನು ಒಬ್ಬನೇ.

ಅಣ್ಣ ಅವನ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ. ಈ ಮಾತನ್ನು ಅಣ್ಣನ ಪರವಾಗಿ ನಾನು ಇವತ್ತಿಗೂ ಹೇಳುತ್ತೇನೆ. ಹೇಳುವ ಅಗತ್ಯವೇ ಬರಲಿಲ್ಲ. ಟೀ ಅಂಗಡಿ ಕುಮಾರ ಮರುದಿನ ಬೆಳಿಗ್ಗೆ ನನ್ನನ್ನು ಕಂಡು ಎದ್ದು ನಿಂತು ನಮಸ್ಕಾರ ಮಾಡಿದ.

"ಅಕ್ಕೋರೇ, ಮೊದ್ಲೇ ಹಿಡಿದಿದ್ರಂತೆ? ಮಧ್ಯಾಹ್ನ ಪೂರ್ತಿ ಕೂರ್ಸ್ಕಂಡು ಮಿಷಿನ್ ಇಟ್ಟು ಬಾಯಿ ಬಿಡಿಸಿದ್ರಲ್ಲ, ಅವತ್ತೇ ಅಂದ್ಕಂಡ್ವಿ."

"ಅಯ್ಯೋ ಇಲ್ಲಪ್ಪ, ಅದು ಓದಿಗೆ ಕಣಪ್ಪ. ಕಳ್ಳತನ ಆಗಿದ್ದೇ ಗೊತ್ತಿರಲಿಲ್ಲ."

"ಸರಿ ಸರಿ, ಹೇಳಂಗಿಲ್ಲ ಬುಡಿ ನೀವು."

"ಹೇಳೋಕೆ ನನಗೆ ಏನೂ ಗೊತ್ತಿಲ್ಲ ಕುಮಾರ."

"ಹೆಸ್ರು ಹೇಳಲ್ಲ ಅಂತ ಎಲ್ಲರ ಹತ್ರನೂ ಅಂದಿದೀರಲ್ಲಕ್ಕ. ಗೊತ್ತಿಲ್ದೇ ಇದ್ರೆ ಹೇಳಲ್ಲ ಅಂತ ಯಾರಾದ್ರೂ ಅಂತಾರಾ?"

ಟೀ ಅಂಗಡಿಯ ಬೆಂಚಿನವರೆಲ್ಲ ತಲೆಯಾಡಿಸಿದರು. ಒಬ್ಬನಿಗೆ ಕಳ್ಳ ಎಂದು ಹಣೆಪಟ್ಟಿ ಹಚ್ಚಿದರೆ ಅವನು ಏನು ಮಾಡಿದರೂ ಅದು ಕಳ್ಳನ ಕೆಲಸವಾಗಿಯೇ ಕಾಣುತ್ತದೆ ಎಂಬ ಬಗ್ಗೆ ನಾನು ಅದೇ ಚಳಿಗಾಲದಲ್ಲಿ ಉದ್ದದ ಲೇಖನ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಹಣೆಪಟ್ಟಿ ಹಚ್ಚುವ ಅಂಟು ಹೇಗಿರುತ್ತದೆ ಎಂದು ಮಾತ್ರ ಪುಸ್ತಕದಲ್ಲಿ ಇರಲಿಲ್ಲ.

ಊರ ಹಿರಿಯರು ಆಣೆ ಎಂದರು. ನಂಜಣ್ಣ ಆಗುವುದಿಲ್ಲ ಎಂದ.

"ನಾನು ಮುಟ್ಟಿಲ್ಲ ಯಜಮಾನ್ರೇ," ಎಂದು ಅಣ್ಣನ ಮುಂದೆ ನಿಂತು ಹೇಳಿದ. "ಮುಟ್ಟಿಲ್ಲ ಅಂತ ಇಲ್ಲೇ ಬೇಕಾದ್ರೆ ಕಾಲ್ ಹಿಡ್ಕಂತೀನಿ. ಆದ್ರೆ ಮಗಳು ತುಂಬಿದ ಬಸುರಿ. ಬಸುರಿ ಇರೋ ಮನೇವ್ರು ಆಣೆ ಇಡಬಾರ್ದು. ನಿಜ ಆದ್ರೂ ಹೊಟ್ಟೇಲಿರೋದ್ಕೆ ತಟ್ಟತೈತೆ. ಹೆರಿಗೆ ಆಗ್ಲಿ, ಬಾಣಂತನ ಮುಗೀಲಿ, ಎಷ್ಟು ಆಣೆ ಬೇಕು ಅಷ್ಟು ಮಾಡ್ತೀನಿ."

"ಆಯ್ತು ಬುಡು, ಕಾಯೋಣ," ಅಂದ ಅಣ್ಣ.

ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಆಣೆಗೆ ಹಿಂಜರಿದ ಎಂಬ ಸುದ್ದಿ ಚಿಕ್ಕನಾಯಕನಹಳ್ಳಿ ಕಡೆಗೆ ನಮ್ಮ ಬಸ್ಸುಗಳಿಗಿಂತ ಬೇಗ ಹೋಯಿತು. ಹಂದನಕೆರೆಯಿಂದ ಪವಿತ್ರಳ ಅತ್ತೆ ಹೇಳಿಕಳಿಸಿದರು: ಹೆಸರು ತೊಳೆದುಕೊಳ್ಳುವವರೆಗೆ ಸೊಸೆಯನ್ನು ಆ ಮನೆಗೆ ಬಾಣಂತನಕ್ಕೆ ಕಳಿಸುವುದಿಲ್ಲ.

ನಂಜಣ್ಣ ನನ್ನ ಹತ್ತಿರ ಬಂದ. ಆಷಾಢದ ಗಾಳಿ ತೆಂಗಿನ ತಲೆಗಳನ್ನು ಹಿಡಿದು ಒದರುತ್ತಿತ್ತು, ತೋಟದಲ್ಲಿ ಎಲ್ಲೋ ಸೋಗೆ ಬಿದ್ದ ಸದ್ದು. ಅವನು ಜಗಲಿ ಹತ್ತಲಿಲ್ಲ. ಕೆಳಗೇ ನಿಂತ.

"ಒಂದ್ ಮಾತು ಹೇಳ್ಬುಡಿ ಪುಟ್ಟವ್ವ. ನಂಜ ಅಲ್ಲ ಅಂತ. ನೀವು ಹೇಳಿದ್ರೆ ನಂಬ್ತಾರೆ, ಓದಿ ಬಂದವ್ರೆ ಅಂತ."

"ನನಗೆ ಗೊತ್ತಿಲ್ಲವಲ್ಲ ನಂಜಣ್ಣ ಯಾರು ಅಂತ."

"ಗೊತ್ತಿಲ್ದಿದ್ರೂ ಹೇಳಿ."

ಹೇಳಿದೆ. ಅತ್ತಿಗೆಯನ್ನು ಕರೆದುಕೊಂಡು ಹಂದನಕೆರೆಗೇ ಹೋಗಿ ಹೇಳಿದೆ. ಪವಿತ್ರಳ ಅತ್ತೆ ಕೆಟ್ಟವರೇನಲ್ಲ. ಚಾಪೆ ಹಾಸಿ, ಎಳನೀರು ಕೊಟ್ಟು, ನನ್ನ ಮಾತನ್ನೆಲ್ಲ ಕೇಳಿದರು. ಪವಿತ್ರ ಅಡುಗೆಮನೆ ಬಾಗಿಲಿಗೆ ಒರಗಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನೀವು ಯಾರ ಹೆಸ್ರೂ ಹೇಳಲ್ಲ ಅಂತ ಮಾತು ಕೊಟ್ಟಿದೀರಂತಲ್ಲ ತಾಯಿ," ಅಂದರು ಆ ಅತ್ತೆ ಕೊನೆಗೆ, ಬಹಳ ಮರ್ಯಾದೆಯಿಂದ. "ಮಾತು ಕೊಟ್ಟವರು ಹಿಂಗೇ ಹೇಳ್ಬೇಕಾಗೋದು. ತಪ್ಪು ತಿಳ್ಕಳಲ್ಲ ನಾವು."

ಬರುವಾಗ ಬಸ್ಸಿನಲ್ಲಿ ಅತ್ತಿಗೆ, "ನೀನು ಹೋಗ್ದೇ ಇದ್ದಿದ್ರೇ ಚೆನ್ನಾಗಿತ್ತೇನೋ ಕಣೆ" ಅಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಹಂದನಕೆರೆಗೋ, ಇಂಗ್ಲೆಂಡಿಗೋ.

ರೂತ್‌ಗೆ ವಿಡಿಯೋ ಕರೆ ಮಾಡಿದೆ. ಸಂಶೋಧಕಿಯಾಗಿ ನೀನು ಏನು ನಡೆಯುತ್ತದೋ ಅದನ್ನು ನೋಡು, ನಡೆಯುವುದನ್ನು ಬದಲಾಯಿಸಬೇಡ ಎಂದರು. ನಿನ್ನ ಮನಸ್ಸಿಗೆ ಭಾರವಾಗಿದ್ದರೆ ವಿಶ್ವವಿದ್ಯಾಲಯದಲ್ಲಿ ಆಪ್ತಸಲಹೆ ಸಿಗುತ್ತದೆ ಎಂದೂ ಹೇಳಿದರು. ಸಿಗ್ನಲ್ ಹೋಗಿ, ಅವರ ಮುಖ ಮರುಕಪಡುತ್ತಲೇ ಪರದೆಯ ಮೇಲೆ ಹೆಪ್ಪುಗಟ್ಟಿ ನಿಂತುಬಿಟ್ಟಿತು.

ಆಣೆ ಇಟ್ಟರೆ ಮಗುವಿಗೆ ಕೇಡು, ಇಡದಿದ್ದರೆ ಮಗಳು ಮನೆಗೆ ಬರುವುದಿಲ್ಲ. ನಂಜಣ್ಣ ಆಣೆಗೆ ಒಪ್ಪಿದ.

ಕೆರೆ ಏರಿಯ ಮೇಲಿನ ಅಮ್ಮನ ಗುಡಿ. ಬೆಳಗಿನ ಹೊತ್ತು, ಸಣ್ಣ ಹನಿ, ದೊಡ್ಡ ಗಾಳಿ. ಕರ್ಪೂರ ಹತ್ತಲೇ ಇಲ್ಲ. ಹಚ್ಚಿದಂತೆಲ್ಲ ಆರುತ್ತಿತ್ತು, ಆರಿದಂತೆಲ್ಲ ಗುಂಪಿನಲ್ಲಿ ಗುಸುಗುಸು. ಕೊನೆಗೆ ನಾಲ್ಕಾರು ಜನ ಟವೆಲು ಹಿಡಿದು ಗಾಳಿಗೆ ಅಡ್ಡ ನಿಂತರು; ಕುಮಾರನೂ ನಿಂತ, ಅಣ್ಣನೂ ನಿಂತ. ನಂಜಣ್ಣ ಒದ್ದೆ ಪಂಚೆಯಲ್ಲಿ ನಡುಗುತ್ತಿದ್ದ. ಕರ್ಪೂರ ಹತ್ತಿತು.

"ನಾನು ಕಾಯಿ ಮುಟ್ಟಿಲ್ಲ," ಅಂದ. "ಮುಟ್ಟಿದ್ರೆ ನನ್ನ ಎರಡು ಕಣ್ಣೂ ಹೋಗ್ಲಿ."

ಹಿರಿಯರೊಬ್ಬರು ಕೆಮ್ಮಿದರು. "ಕಣ್ಣಲ್ಲಪ್ಪ. ವಂಶ ಅನ್ಬೇಕು."

"ಕೈ ಕಾಲು ಬಿದ್ದೋಗ್ಲಿ."

"ವಂಶ ಅನ್ನು ನಂಜ. ಸಂಪ್ರದಾಯ ಹೆಂಗೈತೋ ಹಂಗೆ."

ಅವನು ನನ್ನ ಕಡೆ ನೋಡಲಿಲ್ಲ. ಯಾರ ಕಡೆಯೂ ನೋಡಲಿಲ್ಲ. ನಾನು "ಸಾಕು ಬಿಡಿ" ಅಂದೆ, ನಿಜವಾಗಿ ಅಂದೆ, ಜೋರಾಗಿಯೇ ಅಂದೆ. ಹಿರಿಯರು ನನ್ನ ಕಡೆ ತಿರುಗಿ, "ನಿಮ್ ಕೆಲ್ಸ ಮುಗೀತಲ್ಲವ್ವ, ಇದು ನಮ್ದು" ಅಂದರು. ಅಷ್ಟರಲ್ಲಿ ನಂಜಣ್ಣ ವಂಶದ ಮೇಲೇ ಆಣೆ ಹೇಳಿ ಅಂಗೈಯನ್ನು ಉರಿಯ ಮೇಲೆ ಬಡಿದಾಗಿತ್ತು. ಆ ಕೀರಲು ದನಿಯಲ್ಲಿ ಒಂದಕ್ಷರವೂ ಅಸ್ಪಷ್ಟವಾಗಿರಲಿಲ್ಲ.

ಆಮೇಲೆ ಊಟ. ಅಣ್ಣ ತಾನೇ ನಿಂತು ನಂಜಣ್ಣನ ಎಲೆಗೆ ಮುದ್ದೆ ಬಡಿಸಿದ. ಕುಮಾರ ಸಾರು ಹಾಕಿ, "ಇನ್ನೊಂದ್ ಸೌಟು ಹಾಕ್ಕಣಣ್ಣ" ಅಂದ. ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ, ಇವತ್ತಿನವರೆಗೂ ಎತ್ತಿಲ್ಲ. ನಾನು ತರಗತಿಯಲ್ಲಿ ವರ್ಣಿಸಿದ ಹಾಗೇ, ಒಂದು ಕೂದಲೂ ವ್ಯತ್ಯಾಸವಿಲ್ಲದೆ ನಡೆಯಿತು. ನಂಜಣ್ಣ ಎಡಗೈಯಲ್ಲಿ ತಿಂದ. ಬಲಗೈ ಸುಟ್ಟಿತ್ತು.

ಹಂದನಕೆರೆಯವರು ಮಾತಿಗೆ ತಪ್ಪಲಿಲ್ಲ. ನಂಜಣ್ಣ ಕರೆತರಲು ಕಾರು ಮಾಡಿಕೊಂಡು ಹೋದಾಗ ಅತ್ತೆ ಸೊಸೆಗೆ ಅರಿಶಿನ ಕುಂಕುಮ ಇಟ್ಟು, ಬಟ್ಟೆಯ ಗಂಟು ಕಟ್ಟಿ ಕೊಟ್ಟರು. ಪವಿತ್ರ ಬಾಗಿಲು ದಾಟಲಿಲ್ಲ. ಅಪ್ಪ ಅಂಗಳದಲ್ಲಿ ನಿಂತೇ ಇದ್ದ. "ನನ್ನ ಹೊಟ್ಟೆ ಮೇಲೆ ಆಣೆ ಇಟ್ಟು ಬಂದಿದ್ದೀಯ, ನನ್ನ ಕಣ್ಣ ಮುಂದೆ ಬರಬೇಡ" ಅಂದಳಂತೆ. ಕಾರು ಖಾಲಿ ಬಂತು. ಹೊಸ ಸುಣ್ಣದ ಮನೆ, ಮೂಲೆಯಲ್ಲಿ ಹೊಸ ಬಲ್ಬು.

ನಾನು ಅವಳಿಗೆ ಫೋನು ಮಾಡಿದೆ. ಇದೆಲ್ಲ ಮೂಢನಂಬಿಕೆ, ಆಣೆಯಿಂದ ಯಾರಿಗೂ ಏನೂ ಆಗುವುದಿಲ್ಲ, ಅವನು ನಿನಗೋಸ್ಕರವೇ ಮಾಡಿದ್ದು ಎಂದು ವಿವರವಾಗಿ, ತಾಳ್ಮೆಯಿಂದ, ಪಾಠ ಮಾಡುವ ದನಿಯಲ್ಲಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಕ್ಕಾ," ಅಂದಳು. "ನಿಮಗೆ ಮಕ್ಕಳಿಲ್ಲ ಬುಡಿ."

ಮಗು ಅಲ್ಲೇ ಹುಟ್ಟಿತು. ಹೆಣ್ಣು, ಆರೋಗ್ಯವಾಗಿತ್ತು. ಅಷ್ಟು ಹೊತ್ತಿಗೆ ನಾನು ಇಂಗ್ಲೆಂಡಿಗೆ ವಾಪಸಾಗಿ ಪ್ರಬಂಧ ಒಪ್ಪಿಸಿದ್ದೆ. ಬರೆದದ್ದರಲ್ಲಿ ಆ ಗಾಳಿ, ಕಣ್ಣು, ಕೈ ಕಾಲು, ವಂಶ ಎಲ್ಲ ಇತ್ತು. ಇದು ನ್ಯಾಯವಲ್ಲ ಎಂದೇ ಬರೆದೆ. ರೂತ್ ಬಹಳ ಮೆಚ್ಚಿದರು. ಅವರ ಟಿಪ್ಪಣಿಯಲ್ಲಿ ಸಮೃದ್ಧ ಎಂಬ ಅರ್ಥದ ಮಾತು ಬಹಳ ಸಲ ಬಂದಿತ್ತು. ಕೊಟ್ಟ ಮಾತಿನಂತೆ ಇಡೀ ಪ್ರಬಂಧದಲ್ಲಿ ಯಾರ ಹೆಸರೂ ಇಲ್ಲ. ಕಾಯಿ ಕದ್ದವರು ಯಾರೆಂದು ಅಣ್ಣನಿಗೆ ಗೊತ್ತಾಗಲಿಲ್ಲ, ಊರಿಗೆ ಬೇಕಾಗಲಿಲ್ಲ, ಅಪರಾಧಶಾಸ್ತ್ರ ಓದಿದ ನನಗೆ ಇವತ್ತಿಗೂ ತಿಳಿದಿಲ್ಲ. ನಂಜಣ್ಣನೇ ಇರಬಹುದಾ ಎಂದು ಕೂಡ ಕೆಲವು ಸಲ ಅನ್ನಿಸುತ್ತದೆ. ಹಾಗೆ ಅನ್ನಿಸಿದ ದಿನ ಊಟ ಸೇರುವುದಿಲ್ಲ.

ಹೋದ ಬೇಸಿಗೆಯಲ್ಲಿ ನೊಣವಿನಕೆರೆಯ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಎದುರು ಸಾಲಿನಲ್ಲಿ ಪವಿತ್ರ, ಅವಳ ಗಂಡ, ಪಕ್ಕದಲ್ಲಿ ಹಸಿರು ಲಂಗದ ಮಗು, ತನಗೇ ಒಂದು ಎಲೆ ಬೇಕೆಂದು ಹಟ ಹಿಡಿದು ಕೂತದ್ದು. ನೀರು ಬಡಿಸಲು ಜಗ್ಗು ಹಿಡಿದು ಬಂದವನು ನಂಜಣ್ಣ. ಮದುವೆಮನೆಯವರಿಗೆ ಬೇಕಾದವನಾಗಿ ಬಂದಿದ್ದ. ಸಾಲಿನ ಮಧ್ಯೆ ಬಂದ ಮೇಲೆ ಮಗಳನ್ನು ನೋಡಿದ. ತಿರುಗಿ ಹೋಗುವಂತಿರಲಿಲ್ಲ. ಪವಿತ್ರ ಎಲೆಯನ್ನೇ ನೋಡುತ್ತ ಕೂತಳು. ಮಗು ಲೋಟ ಎತ್ತಿ ಹಿಡಿಯಿತು. ನಂಜಣ್ಣ ಒಂದು ಹೆಜ್ಜೆ ಹಿಂದೆ ಸರಿದು, ಮುಖವನ್ನು ಅತ್ತ ತಿರುಗಿಸಿಕೊಂಡು, ಎತ್ತರದಿಂದ ನೀರು ಸುರಿದ. ಅರ್ಧ ನೀರು ಎಲೆಗೆ ಬಿತ್ತು. ಮಗು ನಕ್ಕಿತು.

ಆ ಸಾಲು ಮುಗಿಸಿ ನಮ್ಮ ಸಾಲಿಗೆ ಬಂದ. ನನ್ನ ಲೋಟ ತುಂಬಿದ ಮೇಲೂ ಸ್ವಲ್ಪ ಹೊತ್ತು ಬಗ್ಗಿಕೊಂಡೇ ನಿಂತ.

"ಯಾರಂಗೈತೆ ಪುಟ್ಟವ್ವ ಕೂಸು?" ಅಂದ ಮೆಲ್ಲಗೆ. "ನಾನು ನೋಡ್ಲಿಲ್ಲ."

ಅವನಿಗೆ ಸಂತೋಷವಾಗಲಿ ಎಂದೇ ಹೇಳಿದೆ, ನಿಜವೂ ಆಗಿತ್ತು. "ನಿನ್ನ ಹಾಗೇ ಇದೆ ನಂಜಣ್ಣ. ಅದೇ ಹಣೆ, ಅದೇ ಮೂಗು."

ಬಗ್ಗಿದ್ದವನು ಥಟ್ಟನೆ ನೆಟ್ಟಗಾದ.

"ಹಂಗನ್ಬ್ಯಾಡಿ," ಅಂದ. "ನನ್ ವಂಶ ಅಂತ ಗುಡಿ ಅಮ್ಮಂಗೆ ಗುರ್ತು ಸಿಕ್ಬುಡ್ತೈತೆ. ಯಾರ್ ಮುಂದೂ ಹಂಗನ್ಬ್ಯಾಡಿ." ಜಗ್ಗನ್ನು ಎದೆಗೆ ಒತ್ತಿ ಹಿಡಿದು ಮುಂದಿನ ಎಲೆಗೆ ಹೋದ.